ಸ್ವಂತ ಇಚ್ಛೆಯಿಂದ

ತೂಕದಕ್ಕ ರಾಜೀನಾಮೆ ಕೊಟ್ಟಿರಲಿಲ್ಲ. ಸೋಮವಾರ ಆಡಳಿತ ವಿಭಾಗದಲ್ಲಿ ಕೂತು ಅವಳ ಹೆಸರಿನಲ್ಲಿ ರಾಜೀನಾಮೆ ಬರೆದರು, ಅವಳ ಹೆಸರಿನಿಂದಲೇ ಕಳಿಸಿದರು, ಬುಧವಾರ ಸಂಜೆ ತಾವೇ ಒಪ್ಪಿಕೊಂಡರು. ಗುರುವಾರ ಬೆಳಗ್ಗೆಯವರೆಗೂ ಅವಳು ಬಣ್ಣದ ಪುಡಿ ತೂಗುತ್ತಲೇ ಇದ್ದಳು.

"ಪಾಸ್‌ವರ್ಡ್ ತಗೊಳ್ತಿಲ್ಲ ಕಣಮ್ಮಾ," ಎಂದು ಅವಳು ಫೋನಿನಲ್ಲಿ ಹೇಳಿದಾಗ ಸರ್ವರಮ್ಮ ತಿಂಡಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. "ಮೂರು ಸಲ ಹೊಡೆದೆ. ನಿನ್ನೆ ಸಂಜೆವರೆಗೂ ಒಳ್ಳೆ ಮಗು ಥರ ತಗೊಳ್ತಿತ್ತು."

"ದೊಡ್ಡಕ್ಷರದ ಕೀ ಒತ್ತಿದೆಯೇನೋ ನೋಡಕ್ಕ."

"ಅದನ್ನ ನಂಗೆ ಹೇಳಿಕೊಡ್ತೀಯಾ? ಒತ್ತಿಲ್ಲ. ಮಿಕ್ಸರ್ ಬಾಯಿ ತೆಕ್ಕೊಂಡು ಕೂತಿದೆ ಇಲ್ಲಿ. ಬಾ ಬೇಗ."

ಬಣ್ಣದ ಕಾರ್ಖಾನೆಯಲ್ಲಿ ಸರ್ವರಮ್ಮನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸರ್ವರ್‌ಗಳನ್ನು ನೋಡಿಕೊಳ್ಳುವವಳು, ಆದ್ದರಿಂದ ಸರ್ವರಮ್ಮ. ಊಟದ ಮನೆಯಲ್ಲಿ ಕಂಡರೆ ಸಾಕು, ಹೋಟೆಲಿನ ಸರ್ವರನ್ನು ಕರೆಯುವ ಹಾಗೆ "ಎರಡು ಕಾಫಿ, ಒಂದು ಸ್ಟ್ರಾಂಗು!" ಎಂದು ಯಾವುದಾದರೊಂದು ಮೇಜಿನಿಂದ ಕೂಗು ಬರುತ್ತಿತ್ತು. "ಮೊದಲು ಹಳೇ ಲೋಟ ತೊಳೆದಿಡ್ರೋ," ಎಂದು ಅವಳೂ ತಿರುಗಿಸಿ ಕೊಡುತ್ತಿದ್ದಳು. ಡಬ್ಬಿ ಮುಚ್ಚಿಟ್ಟು ಹೊರಟಳು.

ತೂಕದ ಮನೆ ಕಾರ್ಖಾನೆಯ ಹಿಂಬದಿಯಲ್ಲಿ, ತಗಡಿನ ಮಾಡಿನ ಉದ್ದನೆಯ ಕೋಣೆ. ಚೀಲಗಳಲ್ಲಿ ಬಂದ ಪುಡಿ ಇಲ್ಲಿ ತೂಕವಾಗಿ ಪಕ್ಕದ ಮಿಕ್ಸರಿಗೆ ಹೋಗಬೇಕು. ಯಾವ ಪುಡಿ ಎಷ್ಟು ಎಂದು ಹೇಳುವುದು ಮೂಲೆಯ ಕಂಪ್ಯೂಟರು. ಲಾಗಿನ್ ಆಗದಿದ್ದರೆ ತಕ್ಕಡಿ ಕೆಲಸ ಮಾಡುವುದಿಲ್ಲ. ಗೋಡೆಯ ಮೇಲ್ಗಡೆ ಧೂಳು ಹೀರುವ ಯಂತ್ರದ ದಪ್ಪ ಕೊಳವೆಯಿತ್ತು. ಅದು ನಿಂತು ಎಷ್ಟು ಕಾಲವಾಗಿತ್ತೆಂದರೆ, ಅದರ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿ, ಮರಿ ಮಾಡಿ, ಮರಿಗಳು ಹಾರಿಯೂ ಹೋಗಿದ್ದವು. ಒಳಗೆ ಕಾಲಿಟ್ಟವರಿಗೆ ಮೊದಲು ಕೇಳುವುದು ಕೆಮ್ಮು. ಒಬ್ಬರದು ನಿಂತರೆ ಇನ್ನೊಬ್ಬರದು ಶುರು, ಪಾಳಿ ಹಾಕಿಕೊಂಡವರ ಹಾಗೆ.

ತೂಕದಕ್ಕನ ಹುಬ್ಬಿನ ಮೇಲೆ ಹಳದಿ ಪುಡಿ ಕೂತಿತ್ತು. ಅರ್ಧ ಆಯುಷ್ಯ ಈ ಕೋಣೆಯಲ್ಲೇ ಕಳೆದವಳು ಅವಳು. ಹೋದ ತಿಂಗಳು ತನ್ನ ಜೊತೆಯ ಐದೂ ಜನರನ್ನು ರಜೆಯ ದಿನ ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಎದೆಯ ಎಕ್ಸ್‌ರೇ ತೆಗೆಸಿದ್ದಳು. ಆರು ಎದೆಗಳಲ್ಲಿ ಒಂದೂ ಚೊಕ್ಕಟವಾಗಿರಲಿಲ್ಲ. ಅವಳು ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಟ್ಟಳು. ಬರುವ ಸೋಮವಾರ ಇನ್ಸ್‌ಪೆಕ್ಟರ್ ಬರುವುದಿತ್ತು.

"ಬಂದ್ಲಪ್ಪ ಡಾಕ್ಟ್ರು," ಎಂದ ಚೀಲ ಹೊರುವ ರೇಡಿಯೋ. ಬಾಯಿಗೆ ಬಿಡುವಿಲ್ಲದವನಾದ್ದರಿಂದ ಆ ಹೆಸರು. "ನಮ್ಮ ಎದೆ ನೋಡೋರಿಲ್ಲ, ಕಂಪ್ಯೂಟರಿಗೆ ಮಾತ್ರ ಮನೆ ಬಾಗಿಲಿಗೆ ಡಾಕ್ಟ್ರು."

"ಸುಮ್ನಿರೋ. ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಎಲೆಕ್ಟ್ರಿಷಿಯನ್ ಬಂದಿದ್ದ ಬೆಳಗ್ಗೆ. ಆ ಗೋಡೆ ಪೆಟ್ಟಿಗೆಗೆ ಪೈಪಲ್ಲಿ ಗಾಳಿ ಹೊಡೆದ. ಒಂದು ಬಕೆಟ್ ಧೂಳು ಬಂತು. ಇವತ್ತಿಂದ ನಿಮ್ಮ ಲೈನು ಸರಿ ಅಂದ. ಅವನು ಹೋದ, ಇದು ಕೆಟ್ಟುಕೂತಿತು."

ಸರ್ವರಮ್ಮನಿಗೆ ಅಷ್ಟರಲ್ಲೇ ಅರ್ಧ ಅರ್ಥವಾಯಿತು. ತೂಕದ ಮನೆಯ ನೆಟ್‌ವರ್ಕ್ ಪೆಟ್ಟಿಗೆಗೆ ಪುಡಿ ತುಂಬಿ ಲೈನು ಆಗಾಗ ಸಾಯುತ್ತಿತ್ತು. ಲೈನು ಸತ್ತಾಗ ಕೆಲಸ ನಿಲ್ಲಬಾರದೆಂದು ಅವಳೇ ಆ ಯಂತ್ರಕ್ಕೆ ಒಂದು ನೆನಪಿನ ಶಕ್ತಿ ಕೊಟ್ಟಿದ್ದಳು: ಎಲ್ಲರ ಪಾಸ್‌ವರ್ಡೂ ಇರುವ ಕೇಂದ್ರ ಸರ್ವರನ್ನು ಕೇಳಲಾಗದಿದ್ದರೆ, ಕೇಂದ್ರ ಕೊನೆಯ ಸಲ ಒಪ್ಪಿದ್ದ ಪಾಸ್‌ವರ್ಡನ್ನೇ ಒಪ್ಪಿಕೋ. ಅಂದರೆ ಈ ವಾರವೆಲ್ಲ ಯಂತ್ರ ತನ್ನ ನೆನಪಿನ ಮೇಲೆ ತೂಕದಕ್ಕನನ್ನು ಒಳಗೆ ಬಿಟ್ಟುಕೊಂಡಿತ್ತು. ಇವತ್ತು ಲೈನು ಬಂದು, ಕೇಂದ್ರವನ್ನು ಕೇಳಿ, ಇವಳು ಅವಳಲ್ಲ ಎಂದಿತು.

ಅಲ್ಲೇ ನಿಂತು ತನ್ನ ಲಾಗಿನ್ನಿನಲ್ಲಿ ಕೇಂದ್ರಕ್ಕೆ ಹೋಗಿ ನೋಡಿದಳು. ತೂಕದಕ್ಕನ ಪಾಸ್‌ವರ್ಡ್ ಸೋಮವಾರ ಬದಲಾಗಿತ್ತು. ಬದಲಾಯಿಸಿದವರು ಯಾರು ಎನ್ನುವ ಜಾಗದಲ್ಲಿ ಸರ್ವರಮ್ಮನದೇ ಗುರುತು ಇತ್ತು. ಅವಳಿಗೆ ಕೂಡಲೇ ನೆನಪಾಯಿತು. 

"ಏನಂತೆ?"

"ನೋಡ್ತಿದೀನಕ್ಕ. ಸಂಬಳದವರನ್ನ ಒಂದು ಮಾತು ಕೇಳ್ತೀನಿ."

ಗೋಡೆಯ ಫೋನು ಹಳೆಯದು, ಕಿವುಡರಿಗೂ ಕೇಳಿಸುವಂಥದು. ಸಂಬಳ ವಿಭಾಗದ ಹುಡುಗಿಯ ದನಿ ಕೋಣೆಯ ಆ ತುದಿಯವರೆಗೂ ಹೋಯಿತು. "ಅವರು ಬಿಟ್ಟಿದ್ದಾರಲ್ಲ ಮೇಡಂ? ಸ್ವಂತ ಇಚ್ಛೆಯಿಂದ ಅಂತಿದೆ. ಅವರದೇ ಲಾಗಿನ್ನಿಂದ ಬಂದಿದೆ. ನಿನ್ನೆ ಒಪ್ಪಿಗೆ ಆಯ್ತು."

ಕೆಮ್ಮುವವರೂ ಕೆಮ್ಮು ನಿಲ್ಲಿಸಿದರು.

"ನಾನು ಬಿಟ್ಟಿದೀನಾ?" ತೂಕದಕ್ಕ ಸುತ್ತ ನೋಡಿದಳು. "ನಾನು ಬಿಟ್ಟಿದ್ರೆ ಸೋಮವಾರದಿಂದ ಇಲ್ಲಿ ತೂಗ್ತಿರೋಳು ಯಾರೇ, ನನ್ನ ದೆವ್ವನಾ?" ನಗಬೇಕೆಂದು ಹೊರಟ ಮಾತು ಕೆಮ್ಮಾಗಿ ಒಡೆಯಿತು. ಕೆಮ್ಮಿ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಸರ್ವರಮ್ಮನ ಮುಖವನ್ನೇ ನೋಡಿದಳು. "ನನ್ನ ಪಾಸ್‌ವರ್ಡು ನಂಗೊಬ್ಬಳಿಗೇ ಗೊತ್ತಿರೋದು. ನನ್ನ ಗಂಡನಿಗೂ ಹೇಳಿಲ್ಲ. ನನ್ನ ಹೆಸರಲ್ಲಿ ಒಳಗೆ ಹೋದೋರು ಯಾರಮ್ಮ?"

"ನೋಡ್ತೀನಿ," ಎಂದಳು ಸರ್ವರಮ್ಮ. 

ಕಾವಲಿನವರು ಇಬ್ಬರು ಬಂದು ಸಭ್ಯವಾಗಿಯೇ ನಿಂತುಕೊಂಡರು. ಹೊರಗಿನವರು ಒಳಗಿರುವಂತಿಲ್ಲ ಎಂದರು. ಹೊರಗಿನವಳು ತನ್ನ ಚಪ್ಪಲಿ, ಛತ್ರಿ, ಬೆನ್ನಿಗಿಟ್ಟುಕೊಳ್ಳುವ ದಿಂಬು ಎತ್ತಿಕೊಂಡಳು. ಬೆಳಗ್ಗೆ ಒಳಗೆ ಬಿಟ್ಟಿದ್ದ ಗೇಟಿನ ಸಲಾಕೆಗೆ ಕಾರ್ಡು ಮುಟ್ಟಿಸಿದಾಗ ಕೆಂಪು ದೀಪ ಹತ್ತಿತು; ಅಷ್ಟರಲ್ಲಿ ಕಾರ್ಡನ್ನು ರದ್ದು ಮಾಡಿದ್ದರು. ಇನ್ನೊಮ್ಮೆ ಮುಟ್ಟಿಸಿದಳು. ಅದಕ್ಕೂ ಕೆಂಪು. ಇಲ್ಲದ ಮನುಷ್ಯರನ್ನು ಗೇಟು ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಇಬ್ಬರು ಗಂಡಸರು ಸಲಾಕೆಯನ್ನು ಕೈಯಿಂದ ಎತ್ತಿ ಹಿಡಿದರು. ಐವತ್ತು ದಾಟಿದ ಹೆಂಗಸು ದಿಂಬನ್ನು ಎದೆಗೆ ಒತ್ತಿಕೊಂಡು ಅದರ ಕೆಳಗೆ ಬಗ್ಗಿ ಹೋದಳು.

ಅದೂ ಸರ್ವರಮ್ಮ ಕಟ್ಟಿದ ಗೇಟೇ.

ಮೊದಲು ಹೀಗಿರಲಿಲ್ಲ. ಕಾರ್ಖಾನೆಯ ಒಂದೊಂದು ಕೋಣೆಗೆ ಒಂದೊಂದು ಲಿನಕ್ಸ್ ಸರ್ವರ್, ಒಂದೊಂದು ಸರ್ವರಿಗೂ ಅದರದೇ ಖಾತೆಗಳು. ಲ್ಯಾಬಿನವನು ಉಗ್ರಾಣಕ್ಕೆ ಹೋದರೆ ಅಲ್ಲಿ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ನೆನಪಿಡಲಾರದೆ ಜನ ಅವನ್ನು ಪರದೆಯ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದರು. ಯಾರದಾದರೂ ಪಾಸ್‌ವರ್ಡ್ ಬದಲಾಯಿಸಬೇಕೆಂದರೆ ಅವಳು ಆ ಕೋಣೆಗೇ ಹೋಗಬೇಕು, ಆ ಯಂತ್ರದ ಮುಂದೆಯೇ ಕೂರಬೇಕು. ಕೂತರೆ ಸುತ್ತ ಜನ ಸೇರುತ್ತಿದ್ದರು. ಯಾರದು, ಯಾಕೆ, ಯಾರು ಹೇಳಿದ್ದು ಎಂದು ಕೇಳುತ್ತಿದ್ದರು. ಆಗ ಅದು ಅವಳಿಗೆ ದೊಡ್ಡ ಕಿರಿಕಿರಿಯಾಗಿ ಕಂಡಿತ್ತು.

ಎಲ್ಲರ ಹೆಸರನ್ನೂ ಒಂದೇ ಕಡೆ ಇಡುವ ಡೈರೆಕ್ಟರಿ ಅವಳ ಕನಸಿನ ಕೆಲಸ. ಯಾವ ಬಾಗಿಲಲ್ಲಿ ನಿಂತರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಪ್ರತಿ ಸರ್ವರೂ ಕೇಂದ್ರದ ಕಡೆ ತಿರುಗಿ "ಇವರು ಅವರೇನಾ?" ಎಂದು ಕೇಳುತ್ತದೆ, ಕೇಂದ್ರ ಹೌದು ಅಥವಾ ಅಲ್ಲ ಎನ್ನುತ್ತದೆ. ಒಂದು ವರ್ಷ ತಲೆ ಬಗ್ಗಿಸಿ ಕೂತು ಅದನ್ನು ಕಟ್ಟಿದಳು. ಎಲ್ಲಾ ಖಾತೆಗಳ ಮೇಲೂ ಅಧಿಕಾರವಿರುವ ಒಂದು ಪಾಸ್‌ವರ್ಡ್ ಇರುತ್ತದೆ. ಅದನ್ನು ಅವಳು 'ದೊಡ್ಡದು' ಎನ್ನುತ್ತಿದ್ದಳು. ಇದು ನನ್ನೊಬ್ಬಳ ತಲೆಯಲ್ಲಿರುವುದು ಸರಿಯಲ್ಲ, ಮೊಹರು ಹಾಕಿ ತಿಜೋರಿಯಲ್ಲಿಡಿ ಎಂದು ಆಡಳಿತದವರಿಗೆ ಹೇಳಿದ್ದಳು. ಇಡೋಣ ಬಿಡಮ್ಮ, ಈಗೇನು ಅವಸರ ಎಂದಿದ್ದರು.

ಹೇಳಿದವರು ಆಡಳಿತದ ಮುಖ್ಯಸ್ಥರು. ಜನ ಅವರನ್ನು ಬೆಣ್ಣೆ ಎನ್ನುತ್ತಿದ್ದರು. ಅವರು ಯಾರ ಮೇಲೂ ದನಿ ಏರಿಸಿದವರಲ್ಲ. ಕೆಲಸದಿಂದ ತೆಗೆದವರ ಭುಜದ ಮೇಲೆ ಕೈಯಿಟ್ಟು ಬಾಗಿಲವರೆಗೂ ಬಂದು ಬೀಳ್ಕೊಡುವವರು. ಸೋಮವಾರ ಅವರು ಅವಳ ಕೋಣೆಗೇ ಬಂದಿದ್ದರು. "ತೂಕದ ಮನೆ ಹಿರಿಯರು ಪಾಸ್‌ವರ್ಡ್ ಮರೆತಿದ್ದಾರಂತೆ, ಪಾಪ. ಹೊಸದು ಒಂದು ಹಾಕಿ ನನ್ಗೆ ಕೊಡಮ್ಮ, ಆ ಕಡೆ ಹೋಗ್ತಿದೀನಿ, ಹೇಳ್ಬಿಡ್ತೀನಿ." ಎರಡು ಸಾಲು ಟೈಪಿಸುವ ಕೆಲಸ. ಯಾರೂ ಸುತ್ತ ಸೇರಲಿಲ್ಲ, ಯಾರೂ ಯಾಕೆ ಎಂದು ಕೇಳಲಿಲ್ಲ. ಅವಳೂ ಕೇಳಲಿಲ್ಲ. ಮಾಡಿಕೊಟ್ಟಳು.

ಗುರುವಾರ ಸಂಜೆ ಮನೆಯಲ್ಲಿ ಅವಳ ಕೈಯಿಂದ ಎರಡು ಸಲ ಸೌಟು ಜಾರಿತು. ಗಂಡ ಇನ್ನೂ ಬಂದಿರಲಿಲ್ಲ. ಅವನ ಟೈಲರಿಂಗ್ ಅಂಗಡಿಯಲ್ಲಿ ಈಚೆಗೆ ಹೊಲಿಯುವುದಕ್ಕಿಂತ ಹೊಲಿದದ್ದನ್ನು ಬಿಚ್ಚಿ ಸಡಿಲ ಮಾಡುವ ಕೆಲಸವೇ ಜಾಸ್ತಿ. ಮನೆ ನಡೆಯುವುದು ಇವಳ ಸಂಬಳದ ಮೇಲೆ. ಮಗಳು ಒಳಗೆ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಳು ಆರಿಸುತ್ತಿದ್ದರು. ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಹೆಂಗಸು. ಈಗಲೂ ಯಾರಾದರೂ ಮಾತು ನುಂಗಿದರೆ ಅವರ ಕಿವಿಗೆ ಕೇಳಿಸಿಬಿಡುತ್ತಿತ್ತು.

"ಸೌಟಿನ ಮೇಲೆ ಯಾಕೆ ಕೋಪ? ಹೇಳು."

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋರ ಲೈನು ಮೂವತ್ತು ವರ್ಷ ಕೇಳಿದೀನಿ ನಾನು. ಹೇಳೇ."

ಹೇಳಿದಳು. ಒಲೆ ಸಣ್ಣ ಮಾಡಿ, ಬೆನ್ನು ತಿರುಗಿಸಿಕೊಂಡೇ, ಸೋಮವಾರದಿಂದ ಗೇಟಿನವರೆಗೂ ಹೇಳಿದಳು. ಅತ್ತೆಯ ಬೆರಳು ಮೊರದ ಮೇಲೆ ಓಡಾಡುತ್ತಲೇ ಇತ್ತು.

"ನಿಮ್ಮಲ್ಲೂ ಹೀಗೆ ಇತ್ತಾ ಅತ್ತೆ? ಎಲ್ಲಾ ಲೈನೂ ನಿಮ್ಮ ಕೈಯಲ್ಲೇ ಇತ್ತಲ್ಲ."

"ಕೇಳಬಾರದು ಅಂತ ರೂಲು. ಕೇಳದೆ ಇರಕ್ಕೆ ನಾವೇನು ಗೋಡೆನಾ? ಚೆನ್ನಾಗಿ ಕೇಳ್ತಿದ್ವಿ. ಯಾರ ಮನೇಲಿ ಯಾವ ಜಗಳ, ಯಾವ ಹುಡುಗಿ ಯಾರ ಹತ್ರ ಅತ್ತಳು, ಎಲ್ಲಾ." ಅತ್ತೆಗೆ ಅದರ ಬಗ್ಗೆ ಚೂರೂ ನಾಚಿಕೆ ಇರಲಿಲ್ಲ. ಒಂದು ಕಲ್ಲು ಸಿಕ್ಕಿತು, ಕಿಟಕಿಯಾಚೆ ಎಸೆದರು. "ಆದ್ರೆ ಯಾರ ದನೀಲೂ ನಾವು ಮಾತಾಡಿರಲಿಲ್ಲ ಕಣೆ."

ಸರ್ವರಮ್ಮ ತಿರುಗಿ ನೋಡಿದಳು.

"ನನ್ನ ಮುಖ ಏನು ನೋಡ್ತೀಯ? ನಿನ್ನ ಕೆಲಸ ಹೋದ್ರೆ ನನ್ನ ಮಗನ ಸೂಜಿಯಿಂದ ಈ ಮನೆ ನಡೆಯಲ್ಲ, ಅದು ನಂಗೂ ಗೊತ್ತು. ಮಾಡು ಅಂತ ನಾನು ಹೇಳಲ್ಲ, ಬಿಡು ಅಂತಲೂ ಹೇಳಲ್ಲ. ಅವಳಿಗೆ ಹೇಳಿದೆಯಾ, ಬದಲಾಯಿಸಿದ್ದು ನಾನೇ ಅಂತ?"

"ಇಲ್ಲ."

"ಹ್ಞೂಂ," ಎಂದು ಅತ್ತೆ ಮೊರ ಕೊಡವಿದರು. "ಬೇಳೆ ಉಕ್ಕುತ್ತಿದೆ, ನೋಡು."

ಶುಕ್ರವಾರ ಬೆಳಗ್ಗೆ ಕಾರ್ಖಾನೆಯಲ್ಲಿ ಯಾರೂ ಕಾಫಿ ಕೇಳಲಿಲ್ಲ. ಅವಳು ಊಟದ ಮನೆಗೆ ಕಾಲಿಟ್ಟಾಗ ಮಾತುಗಳು ಒಂದೊಂದಾಗಿ ಆರಿದವು. ಜನ ಹೆದರಿದ್ದರು. ಲ್ಯಾಬಿನ ಮುದುಕನೊಬ್ಬ ಬೆಳಗ್ಗೆ ಪಾಸ್‌ವರ್ಡಿನ ಒಂದಕ್ಷರ ತಪ್ಪಿ ಒತ್ತಿ, ಯಂತ್ರ ಬೇಡವೆಂದ ಕೂಡಲೇ ಕುರ್ಚಿಯಲ್ಲೇ ಬೆವತು ಹೋಗಿದ್ದನಂತೆ. ಎರಡನೇ ಸಲ ತೆಗೆದುಕೊಂಡಾಗ ಅತ್ತುಬಿಟ್ಟನಂತೆ. ಪಾಸ್‌ವರ್ಡ್ ತಗೊಳ್ತಾ, ತಗೊಳ್ತಾ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು, ಜ್ವರ ಬಿಡ್ತಾ ಎಂದು ಕೇಳುವ ಹಾಗೆ. ರೇಡಿಯೋ ಲೋಟ ಹಿಡಿದು ಅವಳ ಪಕ್ಕದಲ್ಲೇ ಹಾದುಹೋದ. ಬಾಯಿ ಬಿಡಲಿಲ್ಲ.

ಅವಳು ಕಾಫಿ ಕುಡಿಯದೆ ಎದ್ದು ಅಂಗಳಕ್ಕೆ ಹೋಗಿ ಮೊಬೈಲಿನಲ್ಲಿ ಒಂದು ಕರೆ ಮಾಡಿದಳು. ಬಹಳ ಹೊತ್ತಿನ ಮಾತಲ್ಲ. ಆಚೆಯಿಂದ ಬಂದ ಉತ್ತರ ಕೇಳುತ್ತ ಕಣ್ಣು ಮುಚ್ಚಿಕೊಂಡಳು. ಮತ್ತೆ ತನ್ನ ಕೋಣೆಗೆ ಬಂದು ಕೂತಳು.

ಬೆಣ್ಣೆ ಬಂದದ್ದು ಊಟದ ಹೊತ್ತಿಗೆ ಮುಂಚೆ. ಬಾಗಿಲು ತಾವೇ ಮುಚ್ಚಿದರು. ಸರ್ವರುಗಳ ಕೋಣೆ ಯಾವಾಗಲೂ ತಣ್ಣಗಿರುತ್ತಿತ್ತು. ಅವರು ಕೋಟಿನ ಗುಂಡಿ ಹಾಕಿಕೊಂಡರು.

"ನಿನ್ನೆ ಬೇಜಾರಾಯ್ತೇನೋ. ನನಗೂ ಆಯ್ತು. ಅಷ್ಟು ವರ್ಷ ದುಡಿದವರು." ನಿಟ್ಟುಸಿರು ಬಿಟ್ಟರು. "ಇರಲಿ. ಇನ್ನೂ ಐದು ಜನಕ್ಕೆ ಪಾಸ್‌ವರ್ಡ್ ತೊಂದ್ರೆ ಆಗಿದೆಯಂತೆ. ತೂಕದ ಮನೆಯವರೇ. ಹೊಸದು ಹಾಕಿ ಕೊಟ್ಬಿಡಮ್ಮ."

"ತೊಂದ್ರೆ ಆಗಿದೆ ಅಂತ ಅವರು ಯಾರೂ ನಂಗೆ ಹೇಳಿಲ್ಲ ಸಾರ್."

"ನಾನು ಹೇಳ್ತಿದೀನಲ್ಲ."

"ಮರೆತಿದ್ದೀರಾ ಅಂತ ಅವರನ್ನೇ ಕೇಳಿ ಮಾಡ್ತೀನಿ. ಈಗಲೇ ಕರೀತೀನಿ."

"ಬೇಡ." ಅದೇ ಮೆತ್ತನೆ ದನಿ. "ಇನ್ನೊಂದು. ಆ ತೂಕದ ಮನೆ ಮಷೀನು ಮೂರು ದಿನ ಸುಮ್ ಸುಮ್ನೆ ಆಯಮ್ಮನ್ನ ಒಳಗೆ ಬಿಟ್ಕೊಂಡಿದೆ. ಹೊಸ ಪಾಸ್‌ವರ್ಡಲ್ಲಿ ರಾಜೀನಾಮೆ ಕಳಿಸಿದವರು ಹಳೇದ್ರಲ್ಲೇ ಕೆಲಸ ಮಾಡಿದ್ರು ಅಂದ್ರೆ ಕೇಳೋರಿಗೆ ವಿಚಿತ್ರವಾಗಿರುತ್ತೆ. ಅದನ್ನ ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬಿಡು. ಭಾನುವಾರದೊಳಗೆ."

ಸೋಮವಾರ ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ತೂಕದ ಮನೆಯಲ್ಲಿ ಹೊಸ ಜನ ಇರುತ್ತಾರೆ. ಎದೆ ಚೊಕ್ಕಟವಾಗಿರುವವರು, ಏನೂ ಗೊತ್ತಿಲ್ಲದವರು. ಹಳೆಯ ಆರು ಜನ ಸ್ವಂತ ಇಚ್ಛೆಯಿಂದ ಹೋಗಿರುತ್ತಾರೆ. ತಮ್ಮ ತಮ್ಮ ಹೆಸರಿನಿಂದ, ತಮ್ಮ ತಮ್ಮ ಲಾಗಿನ್ನಿನಿಂದ. ಅವರ ಔಷಧಿ, ಅವರ ಆಸ್ಪತ್ರೆ, ಅವರ ಮುಂದಿನ ಉಸಿರು ಯಾವುದೂ ಕಾರ್ಖಾನೆಯ ತಲೆನೋವಲ್ಲ. ಐದು ಜನರನ್ನು ಬೀದಿಗೆ ತಳ್ಳಲು ಹಿಂದೆ ಲಾಠಿ ಬೇಕಾಗುತ್ತಿತ್ತು, ಗೂಂಡಾಗಳು ಬೇಕಾಗುತ್ತಿದ್ದರು. ಈಗ ಹತ್ತು ಸಾಲು ಸಾಕು, ಅದನ್ನು ಬರೆಯಲು ಒಬ್ಬ ಸಂಬಳದ ಹೆಂಗಸು ಸಾಕು.

"ಮಾಡಲ್ಲ ಸಾರ್," ಎಂದಳು.

ಬೆಣ್ಣೆಗೆ ಕೇಳಿಸಲಿಲ್ಲವೇನೋ ಎಂಬಂತೆ ಅವಳ ಕಡೆ ಸ್ವಲ್ಪ ಬಾಗಿದರು. "ಏನಂದೆ?"

"ಪಾಸ್‌ವರ್ಡ್ ಹಾಕಿಕೊಡಲ್ಲ. ಆ ಮಷೀನು ಅಳಿಸಲ್ಲ."

"ಯೋಚನೆ ಮಾಡಿ ಮಾತಾಡು. ಮನೇಲಿ ಮಗು ಇದೆ. ನಿನ್ನ ಯಜಮಾನರ ಅಂಗಡಿ ಪರಿಸ್ಥಿತಿನೂ ನನಗೆ ಗೊತ್ತು."

ಅದು ಅವರಿಗೆ ಹೇಗೆ ಗೊತ್ತು? ತನ್ನ ಮೇಲ್‌ಗಳು, ತನ್ನ ರಜೆಯ ಅರ್ಜಿಗಳು, ತಾನು ಅವಳಲ್ಲಿ ಇವಳಲ್ಲಿ ಹೇಳಿಕೊಂಡದ್ದು, ಎಲ್ಲವೂ ತಾನೇ ಕಟ್ಟಿದ ಗೋಡೆಗಳ ಒಳಗೇ ಬಿದ್ದಿದ್ದವು.

"ಯೋಚನೆ ಮಾಡಿಯೇ ಹೇಳ್ತಿದೀನಿ."

"ಸರಿ. ಹಾಗಾದ್ರೆ ಆ ದೊಡ್ಡ ಪಾಸ್‌ವರ್ಡ್ ಹೇಳು. ಬೇರೆಯವರ ಕೈಲಿ ಮಾಡಿಸ್ತೀನಿ. ನಿನಗೆ ಯಾವ ಪಾಪವೂ ಅಂಟಲ್ಲ."

"ಅಂಟಿದೆ ಸಾರ್ ಆಗಲೇ. ಸೋಮವಾರ ಬದಲಾಯಿಸಿದ್ದು ನಾನು, ನಿಮ್ಮ ಬಾಯಿಮಾತಿನ ಮೇಲೆ. ಬೆಳಗ್ಗೆ ತೂಕದಕ್ಕನಿಗೆ ಫೋನು ಮಾಡಿ ಹೇಳಿದೆ."

ಬೆಣ್ಣೆಯ ಮುಖದಲ್ಲಿ ಏನೂ ಅಲುಗಲಿಲ್ಲ. "ಏನಂದ್ರು?"

"ಬೈದಳು. ಹೇಳೋಕಾಗದಂಥ ಬೈಗುಳ. ಆಮೇಲೆ ಇನ್ಸ್‌ಪೆಕ್ಟರ್ ಮುಂದೆ ಇದನ್ನೇ ಹೇಳ್ತೀಯಾ ಅಂತ ಕೇಳಿದಳು. ಹೇಳ್ತೀನಿ ಅಂದೆ."

ಹಿಂದೆ ಸಾಲಾಗಿ ನಿಂತ ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಬೆಣ್ಣೆ ಜೇಬಿನಿಂದ ಪೆನ್ನು ತೆಗೆದು, ಮೇಜಿನ ಮೇಲಿನ ಒಂದು ಖಾಲಿ ಹಾಳೆಯನ್ನು ಅವಳ ಕಡೆ ತಿರುಗಿಸಿ, ಅದರ ಮೇಲೆ ಪೆನ್ನಿಟ್ಟರು. "ಬರೆದುಬಿಡು. ಬರೆದಿಟ್ಟು ಮನೆಗೆ ಹೋಗು. ಇವತ್ತಿಂದಲೇ ನಿನಗೆ ಬಿಡುವು. ಹೊರಗಿನಿಂದ ಕಂಪನಿಯವರನ್ನ ಕರೆಸಿದರೂ ಇದನ್ನ ಒಡೆಯೋಕೆ ಎರಡು ದಿನ ಬೇಡ. ಸುಮ್ನೆ ಯಾಕೆ ನಿನ್ನ ಜೀವನ ಹಾಳು ಮಾಡ್ಕೊಳ್ತೀಯ?"

"ಕರೆಸಿ. ಒಡೀಲಿ."

"ಅಂದ್ರೆ ನೀನು ಕೊಡಲ್ಲ."

"ಕೊಡಲ್ಲ."

"ಹಾಗಾದ್ರೆ ಎದ್ದೇಳು ಅಲ್ಲಿಂದ."

ಅವಳು ಎರಡೂ ಕೈಗಳಿಂದ ಕುರ್ಚಿಯ ಅಂಚು ಹಿಡಿದು, ಅದನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಹೊಟ್ಟೆ ಮೇಜಿಗೆ ತಾಗುವಷ್ಟು.

"ಏಳಲ್ಲ," ಎಂದಳು.

ಬೆಣ್ಣೆ ಫೋನಿಗೆ ಕೈ ಹಾಕಿದರು. ಕಿಟಕಿಯಾಚೆ ಊಟದ ಸೈರನ್ ಕೂಗಿತು. ತೂಕದ ಮನೆಯ ಐವರು ಅಂಗಳದ ನಲ್ಲಿಯ ಹತ್ತಿರ ಬಂದು, ಒಬ್ಬರ ಹಿಂದೆ ಒಬ್ಬರು ಕೈ ತೊಳೆಯತೊಡಗಿದರು. ಅವರ ಕಾಲ ಬುಡದಿಂದ ನೀರು ಮೊದಲು ನೀಲಿಯಾಗಿ, ಆಮೇಲೆ ಹಳದಿಯಾಗಿ, ಆಮೇಲೆ ಯಾವ ಬಣ್ಣವೆಂದು ಹೇಳಲಾಗದ ಹಾಗೆ ಚರಂಡಿಯ ಕಡೆ ಹರಿದುಹೋಗುತ್ತಿತ್ತು.